ಬಿಸ್ಕತ್ತಿನ ಡಬ್ಬಿಯಲ್ಲಿ ಈನಿಡ್

ಎಲ್ಲ ಫಜೀತಿಗೂ ಆ ಬಿಸ್ಕತ್ತಿನ ಡಬ್ಬಿಯೇ ಮೂಲ. ಅದರೊಳಗೆ ವಿಲ್‌ಫ್ರೆಡ್ ಆಟ್ಲಿಯ ಹೆಂಡತಿ ಈನಿಡ್ ಇದ್ದಳು, ಬೂದಿಯಾಗಿ.

ಆಲ್ಡರ್‌ಕೋಟ್ ಬಂಗಲೆ ನೋಡಲು ಬಂದವರಿಗೆ ಊಟದ ಮನೆಯ ಬೆಳ್ಳಿ ಪಾತ್ರೆ ತೋರಿಸುತ್ತ, ಮುಟ್ಟಿದವರನ್ನು ಗದರಿಸುತ್ತ ಅವಳು ಬಿಟ್ಟಿ ಚಾಕರಿಯಲ್ಲೇ ಆಯುಷ್ಯ ಸವೆಸಿದ್ದಳು. ಸಾಯುವ ಮುಂಚೆ ಗಂಡನ ಕೈ ಹಿಡಿದು ಹೇಳಿದ್ದು ಎರಡೇ ಮಾತು. "ಕೆರೆಯಾಚೆ ಕಲ್ಲಿನ ಮಂಟಪ ಇದೆಯಲ್ಲ, ಅಲ್ಲೇ ನನ್ನ ಚೆಲ್ಲಿಬಿಡಿ. ಆ ಮಾರ್ಜರಿ ಮಾತ್ರ ನನ್ನ ಹತ್ತಿರ ಸುಳೀಬಾರದು ನೋಡಿ."

ಮಾರ್ಜರಿ ಅದೇ ಬಂಗಲೆಯ ಗುಲಾಬಿ ತೋಟ ನೋಡಿಕೊಳ್ಳುವಾಕೆ. ಊಟದ ಮನೆಯ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಜಗಳವಾಡಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಅಲ್ಲಿ ಬೂದಿ ಚೆಲ್ಲಲು ಅಪ್ಪಣೆಯಿಲ್ಲ. ಚಳಿಗಾಲಕ್ಕೆ ಬಂಗಲೆ ಮುಚ್ಚುವ ಕಡೆಯ ದಿನ ವಿಲ್‌ಫ್ರೆಡ್ ಡಬ್ಬಿಯನ್ನು ಕೋಟಿನೊಳಗೆ ಅವುಚಿಕೊಂಡು ಬಂದ. ಟಿಕೆಟ್ ಕೊಡುವ ಡೆಸ್ಮಂಡ್ ಬಾಗಿಲಲ್ಲೇ ತಡೆದ.

"ಬಿಸ್ಕತ್ತಾ? ತೆಗೀರಿ ಮಾರಾಯ್ರೇ, ಚಹಾ ಆಗಿದೆ."

"ಬಿಸ್ಕತ್ತಲ್ಲ."

"ಮತ್ತೇನು?"

"ಮೂಳೆ ಗೊಬ್ಬರ," ಎಂದ ವಿಲ್‌ಫ್ರೆಡ್. ಪಾಪ, ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಒಳಗಿನಿಂದ ಮಾರ್ಜರಿ ಕತ್ತು ಹೊರಗೆ ಹಾಕಿದಳು. "ಗೊಬ್ಬರಾನಾ? ಕೊಡಿ ಇಲ್ಲಿ."

"ಇದು ನಮ್ಮನೆಗೆ."

"ನಿಮ್ಮನೆಗಾದ್ರೆ ಇಲ್ಲಿಗ್ಯಾಕೆ ಹೊತ್ಕೊಂಡು ಬಂದ್ರಿ? ಕೊಡೋಕೂ ಸಂಕೋಚಾನಾ ನಿಮಗೆ?"

ವಿಲ್‌ಫ್ರೆಡ್ ಅಲ್ಲಿಂದ ಕಾಲು ಕಿತ್ತ. ಹಿಂದಿನ ಕಾಲದ ದೊರೆಯೊಬ್ಬ, ಕುರಿಗಳು ಬಂಗಲೆಯತ್ತ ಬರಬಾರದು, ಬೇಲಿಯೂ ಕಣ್ಣಿಗೆ ಬೀಳಬಾರದು ಎಂದು ಹುಲ್ಲುಗಾವಲಿನ ನಡುವೆ ಆಳದ ಕಂದಕ ತೋಡಿಸಿದ್ದ. ಬಂಗಲೆಯ ಕಡೆಯಿಂದ ನೋಡಿದರೆ ಕೆರೆಯವರೆಗೂ ಒಂದೇ ಹಸಿರು. ಇಂಥ ಮರೆಗಂದಕಕ್ಕೆ ಅಲ್ಲಿಯವರು 'ಹಾಹಾ' ಎನ್ನುತ್ತಾರೆ, ಬಿದ್ದವರ್‍ಯಾರೂ ನಕ್ಕಿದ್ದಿಲ್ಲ. ವಿಲ್‌ಫ್ರೆಡ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅವನ ಕಣ್ಣು ಬೆನ್ನು ಹತ್ತಿ ಬರುತ್ತಿದ್ದ ಮಾರ್ಜರಿಯ ಮೇಲಿತ್ತು.

ಡಬ್ಬಿ ಕೈಜಾರಿ ಮೇಲಿನ ಹುಲ್ಲಿನಲ್ಲೇ ಉಳಿಯಿತು. ಅವನು ಕೆಳಗೆ ತುರಿಕೆ ಗಿಡಗಳ ನಡುವೆ ಕಾಲು ಮುರಿದುಕೊಂಡು ಬಿದ್ದ. ಕುರಿಗಳು ಮೇಯುವುದನ್ನು ಬಿಟ್ಟು ನೋಡಿದವು.

ಆಂಬುಲೆನ್ಸ್ ಬರುವಷ್ಟರಲ್ಲಿ ಚಳಿಗೆ ಅವನ ತುಟಿ ನೀಲಿಯಾಗಿತ್ತು. ಸ್ಟ್ರೆಚರಿನ ಮೇಲಿಂದಲೇ ತಡಕಾಡಿದ. "ಡಬ್ಬಿ... ನನ್ನ ಡಬ್ಬಿ..."

"ಅದರ ಚಿಂತೆ ಬಿಡಿ," ಎಂದು ಮಾರ್ಜರಿ ಖಾಲಿ ಡಬ್ಬಿಯನ್ನು ಅವನ ಎದೆಯ ಮೇಲಿಟ್ಟಳು. "ಒಂದು ಚಿಟಿಕೇನೂ ದಂಡ ಮಾಡಿಲ್ಲ. ಊಟದ ಮನೆ ಕಿಟಕಿ ಕೆಳಗಿನ ಗುಲಾಬಿಗೆ ಪೂರ್ತಿ ಸುರಿದು, ಮಣ್ಣು ಮುಚ್ಚಿ, ಚೆನ್ನಾಗಿ ತುಳಿದು ಬಂದೆ."

ವಿಲ್‌ಫ್ರೆಡ್ ಬಿಕ್ಕಿ ಬಿಕ್ಕಿ ಅತ್ತ. ಕಾಲು ನೋವಿಗೆ ಅಳುತ್ತಿದ್ದಾನೆಂದು ಅವಳ ಕರುಳು ಚುರುಕ್ಕೆಂದಿತು.

"ಅಳಬೇಡಿ, ಫೆಬ್ರವರಿ ಹೊತ್ತಿಗೆ ಕಾಲು ಸರಿಹೋಗುತ್ತೆ. ಆಗ ಬನ್ನಿ. ಹೊಸ ಚಿಗುರು ಬರ್ಬೇಕಂದ್ರೆ ಆ ಗುಲಾಬಿ ಗಿಡಾನ ಬುಡದವರೆಗೂ ಕತ್ತರಿಸ್ಬೇಕು. ನೀವು ಇಷ್ಟು ಮಾಡಿದ್ದೀರಲ್ಲ, ಕತ್ತರಿ ನಿಮ್ಮ ಕೈಗೇ ಕೊಡ್ತೀನಿ."