ಭಂಡಾರ ತಿಂದ ತುಪಾಕಿ

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಹಾಗಂತ ತಲೆ ಬಿಟ್ಟಿಲ್ಲ. ಉಣ್ಣೆ ನೂಲುವ ರಾಟಿ ಕೆಟ್ಟರೆ ನಾನೇ ಬಿಚ್ಚಿ ನಾನೇ ಕೂಡಿಸುತ್ತೇನೆ. ಗಿರಣಿಯ ಪಟ್ಟಾ ಹರಿದರೆ ಗಿರಣಿಯವನೂ ನನ್ನನ್ನೇ ಕರೆಯುತ್ತಾನೆ. ಇಂಥವಳಿಗೆ ಒಂದು ತುಪಾಕಿ ಯಾವ ದೊಡ್ಡದು ಅಂದುಕೊಂಡೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ತೆಲಂಗಾಣದ ನಾರ್ವ ಕಡೆಯ ಹಳ್ಳಿ, ಕುರುಬರ ಮನೆ. ಮನೆಗೆ ಅಂಟಿಕೊಂಡೇ ಕುರಿದೊಡ್ಡಿ. ಹೋದ ವರ್ಷ ಹಾಡಹಗಲೇ ಕಾರಿನಲ್ಲಿ ಬಂದ ಕಳ್ಳರು ಮೂರು ಕುರಿ ಎತ್ತಿಕೊಂಡು ಹೋದರು, ಅವರ ಕೈ ಸೇದಿಹೋಗಲಿ. ಉಳಿದದ್ದು ಹದಿನೆಂಟು ಕುರಿ, ಒಂದೇ ಒಂದು ಟಗರು. ಟಗರಿನ ಹೆಸರು ಕರಿಯ. ಅವನ ತಾಯಿ ಈದ ದಿನವೇ ಸತ್ತಿತ್ತು. ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ನಾನು. ಅವನು ಹೋದರೆ ದೊಡ್ಡಿಯಲ್ಲಿ ಮುಂದೆ ಮರಿಯ ಸದ್ದೇ ಇಲ್ಲ.

ಮಾವನ ಕಾಲದ ತುಪಾಕಿ ತುಕ್ಕು ಹಿಡಿದಿತ್ತು. ನನ್ನ ಗಂಡನ ಎರಡೂ ಕಣ್ಣಿಗೆ ಪೊರೆ. ಬಾಗಿಲು ಯಾವುದು, ಎಮ್ಮೆ ಯಾವುದು ಅಂತ ಮುಟ್ಟಿ ನೋಡಿಯೇ ಹೇಳಬೇಕು. ಹಾಗಾಗಿ ಲೈಸೆನ್ಸಿಗೆ ನನ್ನ ಹೆಸರಲ್ಲೇ ದರಖಾಸ್ತು ಹಾಕಿ ನಾರಾಯಣಪೇಟೆಯ ಕಚೇರಿಗೆ ತಿರುಗಿದೆ. ಈ ವಯಸ್ಸಿನಲ್ಲಿ ತುಪಾಕಿ ಯಾಕಮ್ಮಾ ಅಂತ ಒಬ್ಬ ಸಾಹೇಬರು ಕೇಳಿದರು. ಕಳ್ಳ ಬಂದಾಗ ನಿಮ್ಮ ಮನೆಗೆ ಫೋನ್ ಮಾಡಲೇನು ಅಂದೆ. ಸಹಿ ಬಿತ್ತು.

ಹೈದರಾಬಾದಿನ ಅಂಗಡಿಯಿಂದ ಪಂಪ್ ತುಪಾಕಿ ತಂದೆ. ನಳಿಕೆಯ ಕೆಳಗೊಂದು ಹಿಡಿ. ಅದನ್ನು ಹಿಂದಕ್ಕೆ ಎಳೆದು ಮುಂದಕ್ಕೆ ದೂಡಿದರೆ ತೋಟಾ ಒಳಗೆ ಕೂರುತ್ತದೆ. ಆ ಖಟ್‌-ಖಟ್ ಸದ್ದಿಗೇ ಕಳ್ಳ ಓಡುತ್ತಾನೆ ಅಂದ ಅಂಗಡಿಯವನು. ವಾರಕ್ಕೊಮ್ಮೆ ತಾನು ಕೊಟ್ಟ ಎಣ್ಣೆ ಎರಡು ಹನಿ ಹಾಕಿ ಒರೆಸಬೇಕು, ಬೇರೆ ಏನೂ ಸೋಕಿಸಬಾರದು ಅಂತಲೂ ಹೇಳಿದ. ತಲೆ ಆಡಿಸಿದೆ. ತಲೆ ಆಡಿಸಲು ಏನು ಖರ್ಚು!

ಮನೆಗೆ ಬಂದು ಗೃಹರಕ್ಷಣೆಯ ಏರ್ಪಾಡಿಗೆ ಇಳಿದೆ. ಮೊಮ್ಮಕ್ಕಳ ಕೈಗೆ ಸಿಗಬಾರದೆಂದು ತೋಟಾಗಳನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದೆ. ಅದೊಂದೇ ನಾನು ಮಾಡಿದ ಸರಿಯಾದ ಕೆಲಸ. ಅಂಗಡಿಯವನ ಎಣ್ಣೆ ಸೀಮೆಎಣ್ಣೆಯ ಹಾಗೆ ನಾತ ಹೊಡೆಯುತ್ತಿತ್ತು. ಎಸೆದು, ಮನೆಯ ಶೇಂಗಾ ಎಣ್ಣೆ ಧಾರಾಳವಾಗಿ ಸುರಿದೆ. ಆಯುಧ ಅಂದಮೇಲೆ ಪೂಜೆ ಬೇಡವೇ? ಭಾನುವಾರ ನಮ್ಮ ದೇವರು ಮೈಲಾರನ ವಾರ, ಅವನ ಪ್ರಸಾದ ಅರಿಶಿಣದ ಭಂಡಾರ. ನಳಿಕೆಗೆ ಭಂಡಾರ, ಹಿಡಿಗೆ ಭಂಡಾರ. ದೇವರು ಒಳಗೂ ಇರಲಿ ಅಂತ ಸಂದುಗಳಲ್ಲೂ ಒಂದೊಂದು ಹಿಡಿ.

"ಅದು ಕಬ್ಬಿಣದ ಸಾಮಾನು. ಒಳಗ್ಯಾಕ ಅರಿಶಿಣ ತುಂಬ್ತಿ?" ಅಂದರು ನನ್ನ ಗಂಡ.

"ನಿಮಗ ಕಣ್ಣ ಕಾಣಂಗಿಲ್ಲ. ತುಂಬೀನಂತ ಹ್ಯಾಂಗ ಗೊತ್ತಾತ್ರಿ?"

"ಆಗ್ಲಿಂದ ಸೀನಾಕ ಹತ್ತೀನಲ್ಲ."

ಗದರಿಸಿ ಸುಮ್ಮನೆ ಕುಂದರಿಸಿದೆ. ಐದು ಭಾನುವಾರ ಹೀಗೇ ನಡೆಯಿತು. ಪ್ರತಿ ಸಲ ಪೂಜೆ ಮುಗಿದ ಮೇಲೆ ಕಂಬಳಿ ಚೀಲಕ್ಕೆ ಹಾಕಿ, ಧೂಳು ಹೋಗದಂತೆ ಬಾಯಿ ಹೊಲಿದುಬಿಡುತ್ತಿದ್ದೆ.

ಐದನೇ ಭಾನುವಾರ ಮಧ್ಯಾಹ್ನ ಬಿಳಿ ಕಾರೊಂದು ದೊಡ್ಡಿಯ ಮುಂದೆ ನಿಂತಿತು. ಒಬ್ಬ ಕಾರಿನಲ್ಲೇ ಕುಳಿತ. ಇನ್ನೊಬ್ಬ ಸೀದಾ ಒಳಗೆ ಹೋಗಿ ಕರಿಯನ ಕಾಲಿಗೆ ಕೈ ಹಾಕಿದ. ನಾನು ಮನೆಯೊಳಗೆ ಓಡಿದೆ. ಹೊಲಿಗೆ ಬಿಚ್ಚಲು ಬರಲಿಲ್ಲ. ಹೊಲಿದವಳ ವಂಶವನ್ನೆಲ್ಲ ಬೈಯುತ್ತಾ ಕುಡುಗೋಲಿನಿಂದ ಹರಿದೆ. ಹೊಲಿದವಳು ನಾನೇ.

ತೋಟಾ ಬೇಡ, ಸದ್ದೇ ಸಾಕು ಅಂದುಕೊಂಡು ಅಂಗಳಕ್ಕೆ ಬಂದು ಹಿಡಿ ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಎಣ್ಣೆಯೂ ಭಂಡಾರವೂ ಕೂಡಿ ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಗಿಂತ ಗಟ್ಟಿಯಾಗಿ ಕೂತಿತ್ತು. ಸದ್ದು ಬಂದದ್ದು ನನ್ನ ಸೊಂಟದಿಂದ.

"ಹಿಂದಿನ ತುದಿ ಹಿಡೀರಿ!" ಅಂತ ಗಂಡನನ್ನು ಕರೆದೆ. ಅವರು ತಡಕಾಡಿ ಹಿಡಿದರು. ಅವರು ಆ ಕಡೆ, ನಾನು ಈ ಕಡೆ. ಜಗ್ಗಿದೆವು. ಎಣ್ಣೆಗೆ ಕೈ ಜಾರಿ ಇಬ್ಬರೂ ಕುಂಡಿ ಊರಿ ಬಿದ್ದೆವು.

ಅಷ್ಟರಲ್ಲಿ ಕಳ್ಳ ಕರಿಯನನ್ನು ಕಾರಿಗೆ ತುಂಬಿ ಬಾಗಿಲು ಹಾಕಿ, ನಮ್ಮ ಕಡೆ ನೋಡಿದ. ನಾನು ಕುಂತಲ್ಲೇ ತುಪಾಕಿ ಎತ್ತಿ ಹಿಡಿದೆ. ಅವನು ನಿಂತ. ನಂತರ ನಮ್ಮ ಕಡೆಗೇ ನಡೆದು ಬಂದ. ಹೆದರಿ ಶರಣಾಗತನಾಗಲು ಬಂದ ಅಂತ ನನ್ನ ಎದೆ ಉಬ್ಬಿತು.

ಅವನು ಚಪ್ಪಲಿ ಬಿಟ್ಟ. ಬಗ್ಗಿ ನಳಿಕೆಯ ಮೇಲಿಂದ ಒಂದು ಚಿಟಿಕೆ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡ. "ಬರ್ತೀನಿ ಯವ್ವಾ" ಅಂತ ಕೈ ಮುಗಿದ.

ಬೈಗುಳಕ್ಕೆ ನನ್ನ ಬಾಯಲ್ಲಿ ಬರವಿಲ್ಲ, ಊರಿಗೇ ಗೊತ್ತು. ಆದರೆ ಭಂಡಾರ ಹಚ್ಚಿಕೊಂಡವರನ್ನು ಹರಸಿ ಹರಸಿ ರೂಢಿಯಾದ ಬಾಯಿ.

"ಚಲೋ ಆಗ್ಲಿ ತಮ್ಮಾ" ಅಂದುಬಿಟ್ಟೆ.

ಕಾರು ಹೋಯಿತು. ಕರಿಯ ಹಿಂದಿನ ಗಾಜಿನಿಂದ ನನ್ನನ್ನೇ ನೋಡುತ್ತಿದ್ದ.

ಠಾಣೆಯಲ್ಲಿ ಎಸ್ಸೈ ಸಾಹೇಬರು ಕಾರಿನ ನಂಬರು ಕೇಳಿದರು. ನಾನು ತುಪಾಕಿ ನೋಡುತ್ತಿದ್ದೆ. ಕಾರಿನ ಕಡೆ ಮುಖ ಮಾಡಿ ಕೂತಿದ್ದವರು ನನ್ನ ಗಂಡ, ಅವರ ಸಾಕ್ಷಿ ಯಾರಿಗೆ ಬೇಕು? ಕಳ್ಳನ ಗುರುತಾದರೂ ಹೇಳವ್ವಾ ಅಂದರು.

"ಹಣಿ ಮ್ಯಾಲ ಭಂಡಾರ ಐತ್ರಿ."

ಅವರು ಪೆನ್ನು ಕೆಳಗಿಟ್ಟರು. ನನ್ನ ಹಣೆ ನೋಡಿದರು, ನನ್ನ ಗಂಡನ ಹಣೆ ನೋಡಿದರು, ಆಮೇಲೆ ಪಕ್ಕದಲ್ಲಿ ಬರೆಯುತ್ತಾ ಕೂತಿದ್ದ ತಮ್ಮದೇ ಪೇದೆಯ ಹಣೆ ನೋಡಿದರು. ಮೂರೂ ಹಳದಿ.

ಮನೆಗೆ ಬಂದರೆ ಪಕ್ಕದ ಮನೆಯ ಶಂಕ್ರವ್ವ ದೊಡ್ಡಿಯ ಬಾಗಿಲು ಹಿಡಿದು ನಿಂತಿದ್ದಳು. ಆ ಬಾಗಿಲನ್ನು ನಾವು ಬಿಗಿಯುತ್ತಿದ್ದದ್ದು ಒಂದು ಹಳೇ ಸೀರೆಯ ಅಂಚಿನಿಂದ. ಅದನ್ನು ಬೆರಳಿಗೆ ಸುತ್ತಿ ನೋಡುತ್ತಾ ಕೇಳಿದಳು:

"ಯಕ್ಕಾ, ತುಪಾಕಿ ತರೂಕ್ಕಿಂತ ಮೊದ್ಲ ಇದಕ್ಕೊಂದು ಚಿಲಕ ಹಾಕಿಸ್ಬಾರದಿತ್ತ?"

ಸಿಟ್ಟು ನೆತ್ತಿಗೇರಿತು. ಅವಳ ಜನ್ಮ ಜಾಲಾಡಬೇಕೆಂದು ಬಾಯಿ ತೆರೆದೆ. ಚಿಲಕ ಬಡಿದುಕೊಡುವ ಕಂಬಾರನ ಮನೆ ನಮ್ಮ ಎದುರಿಗೇ ಇದೆ.

ಸೀರೆಯ ಅಂಚು ಅವಳ ಬೆರಳಿನಿಂದ ಬಿಡಿಸಿಕೊಂಡು ಅತ್ತ ನಡೆದೆ.