ಎಸ್, ಓ, ಕೆ… ಈ

ಈ ಸಲ ಅಕ್ಕನಿಗೆ ಮಣ್ಣು ಮುಕ್ಕಿಸಿಯೇ ತೀರುತ್ತೇನೆ ಎಂದು ನಾನು ಹೆಂಡತಿಯ ಎದುರು ಎದೆ ತಟ್ಟಿ ಸಾರಿದ್ದೆ. ರಣರಂಗ ನನ್ನ ಮೊಬೈಲು, ಆಯುಧಗಳು ಇಂಗ್ಲಿಷ್ ಅಕ್ಷರಗಳು. ಎದುರಾಳಿ ಇಟ್ಟ ಅಕ್ಷರಕ್ಕೆ ನಮ್ಮ ಕೈಯಲ್ಲಿರುವ ಅಕ್ಷರ ಜೋಡಿಸಿ ಪದ ಕಟ್ಟಬೇಕು, ಅದೇ ಆಟ. ಅಕ್ಕ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವಳು. ಅವಳನ್ನು ಕಂಡರೆ ಅಕ್ಷರಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ನನ್ನನ್ನು ಕಂಡರೆ ದಿಕ್ಕಾಪಾಲಾಗಿ ಓಡುತ್ತವೆ.

"ಅವರನ್ನ ಗೆಲ್ಲೋದು ನಿಮ್ಮಿಂದ ಆಗೋ ಮಾತಾ?" ಎಂದಳು ಹೆಂಡತಿ.

"ನೋಡ್ತಿರು."

"ನೋಡೋದಿರಲಿ, ಅಂಗಡಿಗೆ ಮಾತ್ರ ಫೋನ್ ಮಾಡ್ಬೇಡಿ."

ಅವಳದು ಔಷಧಿ ಅಂಗಡಿ. ಮಾತ್ರೆಗಳ ಹೆಸರಿನಲ್ಲಿ ಎಕ್ಸ್, ಝಡ್ ತುಂಬಿ ತುಳುಕುತ್ತವಲ್ಲ, ಹಾಗಾಗಿ ಕಷ್ಟದ ಅಕ್ಷರ ಬಂದಾಗಲೆಲ್ಲ ಅವಳಿಗೇ ಫೋನು. ಅವಳು ಹೇಳಿದ ಪದಗಳು ಕೆಮ್ಮು ನಿಲ್ಲಿಸುತ್ತಿದ್ದವೇ ಹೊರತು ಆಟದಲ್ಲಿ ನಡೆಯುತ್ತಿರಲಿಲ್ಲ. ಮೊನ್ನೆ "ಕ್ಯೂ ಇರೋ ಪದ ಹೇಳು" ಎಂದಾಗ ಸಿಡಿದಳು. "ಅಂಗಡಿ ಮುಂದೇನೇ ಕ್ಯೂ ಇದೆ, ಬಂದು ನೋಡಿ. ನಿಮ್ಮ ಗಲಾಟೇಲಿ ತಲೆನೋವಿನವರಿಗೆ ಭೇದಿ ಮಾತ್ರೆ ಕೊಡೋದ್ರಲ್ಲಿದ್ದೆ. ಕೊನೇ ಗಳಿಗೇಲಿ ಕಣ್ಣಿಗೆ ಬಿತ್ತು." ನಾನು ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ.

ನಮ್ಮದು ಲಿಫ್ಟ್ ಕಂಪನಿ. ಊರವರನ್ನೆಲ್ಲ ಮೇಲೆ ಕಳಿಸುತ್ತೇವೆ, ಸ್ಟೋರ್ಸ್ ಗುಮಾಸ್ತನಾದ ನಾನು ಮಾತ್ರ ಇದ್ದಲ್ಲೇ ಇದ್ದೇನೆ. ಅವತ್ತು ಸಾಹೇಬರು ಎಲ್ಲರನ್ನೂ ಮೀಟಿಂಗಿಗೆ ಕೂರಿಸಿಕೊಂಡಿದ್ದರು. ಅದೇ ಹೊತ್ತಿಗೆ ಅಕ್ಕ ಒಂದು ಜೆ ಇಟ್ಟು, "ಏನೋ, ಬಾಯಿ ಕಟ್ಟಿತಾ?" ಎಂದು ಸಂದೇಶ ಕಳಿಸಿದಳು. ಊಟದ ಹೊತ್ತಿನೊಳಗೆ ಆಡದಿದ್ದರೆ ಆಟವೇ ಅವಳದು. ನನ್ನ ಕೈಯಲ್ಲಿದ್ದದ್ದು ಎಸ್, ಓ, ಕೆ, ಈ. ಊಟದ ಹೊತ್ತು ಆಗಲೇ ಹತ್ತಿರ ಬಂದಿತ್ತು. ತಡೆಯಲಾಗಲಿಲ್ಲ. ಮೇಜಿನ ತುದಿಯಲ್ಲಿ ಗೋಡೆ ಕಡೆಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹೆಂಡತಿಗೆ ಫೋನ್ ಹಚ್ಚಿದೆ.

"ಜೆ ಇರೋ ಪದ ಹೇಳು," ಎಂದು ಪಿಸುಗುಟ್ಟಿದೆ.

"ಅಯ್ಯೋ, ಜನ ಇದಾರೆ. ಜೊತೆಗೆ ಯಾವ ಅಕ್ಷರ ಇದೆ, ಬೇಗ ಹೇಳಿ."

ಅದೇ ಕ್ಷಣಕ್ಕೆ ಸಾಹೇಬರು ಗಂಟಲು ಸರಿಪಡಿಸಿಕೊಂಡರು. "ದೂರದ ಹೊಸ ಗೋದಾಮಿಗೆ ಒಬ್ಬರು ಹೋಗಬೇಕು. ವರ್ಷಗಟ್ಟಲೆ ಅಲ್ಲೇ ಇರಬೇಕು. ತಾವಾಗೇ ಹೋಗೋರು ಯಾರಾದ್ರೂ ಇದೀರಾ?"

ಎಲ್ಲರೂ ತಂತಮ್ಮ ಪಾದ ನೋಡಿಕೊಂಡರು. ಆ ಮೌನದಲ್ಲಿ ಒಂದು ದನಿ ಕೇಳಿಸಿತು. ಅದು ನನ್ನದೇ ಆಗಿತ್ತು.

"ಎಸ್."

ಸಾಹೇಬರ ಕನ್ನಡಕ ಮೂಗಿನ ತುದಿಗೆ ಜಾರಿತು. "ನೀವಾ? ಅಲ್ಲಿ ಒಬ್ಬರೇ ಇರಬೇಕಾಗುತ್ತೆ."

"ಆಮೇಲೆ?" ಎಂದಿತು ಕಿವಿ.

"ಓ. ಕೆ."

"ಹಾಗಾದ್ರೆ ಯಾವಾಗ ಹೊರಡ್ತೀರಿ?" ಎಂದರು ಸಾಹೇಬರು.

"ಇನ್ನೇನಿದೆ, ಬೇಗ ಹೇಳಿ," ಎಂದಿತು ಕಿವಿ.

"ಈ…"

"ಈ ವಾರಾನೇ? ಭೇಷ್!"

ಚಪ್ಪಾಳೆಯೋ ಚಪ್ಪಾಳೆ. ಅದರ ನಡುವೆ ಕಿವಿಯೊಳಗೆ ಹೆಂಡತಿ, "ಜೋಕ್ಸ್ ಕಣ್ರೀ. ಜೆ, ಓ, ಕೆ, ಈ, ಎಸ್. ಅದೇನು ಚಪ್ಪಾಳೆ, ಗೆದ್ದೇಬಿಟ್ರಾ?" ಎಂದಳು. ನಾನು ಫೋನ್ ಇಟ್ಟೆ.

ಪಕ್ಕದಲ್ಲಿದ್ದ ಬಿಲ್ಲಿಂಗ್ ಗುಮಾಸ್ತ ನನ್ನ ಕೈ ಹಿಡಿದು ಕುಲುಕಿದ. "ಬದುಕಿಸಿದೆ ಪುಣ್ಯಾತ್ಮ. ನನ್ನ ಹೆಸರೇ ಬರೋದ್ರಲ್ಲಿತ್ತು. ಅಂದಹಾಗೆ ಅಲ್ಲಿ ಲಿಫ್ಟ್ ಇಲ್ಲವಂತೆ, ಸಾಮಾನೆಲ್ಲ ಮೆಟ್ಟಿಲಲ್ಲೇ ಹೊರಬೇಕು."

ಹೆಂಡತಿಯ ಅಂಗಡಿಯನ್ನು ಕಿತ್ತುಕೊಂಡು ಹೋಗುವ ಹಾಗಿಲ್ಲ. ಅವಳನ್ನು ಬಿಟ್ಟು ನಾನು ಇರುವ ಹಾಗೂ ಇಲ್ಲ. ಕಾಲಿಗೆ ಹಾಕಿಕೊಂಡ ಕಾಲ್ಚೀಲ ಎಲ್ಲಿದೆ ಎಂದು ಅವಳನ್ನೇ ಕೇಳುವ ಗಂಡಸು ನಾನು. ಆಟದ ಹೊತ್ತು ಮೀರಿ ಅಕ್ಕ ಗೆದ್ದದ್ದೂ ಗೊತ್ತಾಗಲಿಲ್ಲ. ಬಾತ್‌ರೂಮಿನ ಕನ್ನಡಿಯ ಮುಂದೆ ಮಾತು ಅಭ್ಯಾಸ ಮಾಡಿಕೊಂಡು ಸಾಹೇಬರ ಕೋಣೆಗೆ ಹೋದೆ. ಬಾಗಿಲು ದಾಟುತ್ತಲೇ ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು.

"ಸಾರ್, ನಾನು ಎಸ್ ಅಂದಿದ್ದು ಎಸ್ ಅಂತಲ್ಲ, ಎಸ್ ಅಂತ."

"ಏನ್?"

"ಎನ್ ನನ್ನ ಹತ್ರ ಇರ್ಲಿಲ್ಲ ಸಾರ್. ಎಸ್, ಓ, ಕೆ, ಈ, ಇಷ್ಟೇ ಇದ್ದಿದ್ದು."

ಸಾಹೇಬರು ನೀರಿನ ಲೋಟವನ್ನು ನನ್ನತ್ತ ಸರಿಸಿದರು. ಕುಡಿದು, ಮೊದಲಿನಿಂದ ಕೊನೆಯವರೆಗೂ ಒಪ್ಪಿಸಿದೆ. ಅವರ ಮುಖ ಕೆಂಪಾಯಿತು. ಸಿಟ್ಟೋ ನಗುವೋ ತಿಳಿಯಲಿಲ್ಲ.

"ಹೆಡ್ಡಾಫೀಸಿಗೆ ನಿಮ್ಮ ಹೆಸರು ಹೇಳಿ ಆಯ್ತಲ್ರೀ," ಎಂದರು. "ಈಗ ಒಂದೇ ದಾರಿ. ಮನೆಯವರು ಬೇಡ ಅಂದ್ರೆ ಬಲವಂತ ಮಾಡೋ ಹಾಗಿಲ್ಲ. ಅವರನ್ನೇ ಕೇಳೋಣ." ನನ್ನಿಂದ ಅಂಗಡಿಯ ನಂಬರು ಕೇಳಿ ಒತ್ತಿ ಸ್ಪೀಕರಿಗೆ ಹಾಕಿದರು.

ನನಗೆ ಹೋದ ಜೀವ ಬಂತು. ಮದುವೆಯಾದಾಗಿನಿಂದ ನಾನು ಏನು ಕೇಳಿದರೂ ಬೇಡ ಎಂದೇ ಹೇಳಿದವಳು ಅವಳು. ಈಗ ಆ ಒಂದು ಬೇಡವನ್ನೇ ಬೇಡುತ್ತ ನಿಂತಿದ್ದೆ.

ಸಾಹೇಬರು ವಿಷಯ ಹೇಳಿದರು. ಆ ಕಡೆ ಮಾತ್ರೆ ಚೀಟಿಗಳ ಪರಪರ ಸದ್ದು ನಿಂತಿತು.

"ಸಾರ್, ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಾ?" ಎಂದು ಕೇಳಿದಳು.

ನನ್ನ ದನಿ ಕೇಳದೆ ಹೇಗಿರುವುದು ಎಂಬ ಚಿಂತೆ ಅವಳಿಗೆ. ಇಂಥವಳಿಗೆ ಎಷ್ಟು ಕಾಟ ಕೊಟ್ಟೆನಲ್ಲ ಎಂದು ಕಣ್ಣು ಒದ್ದೆಯಾಯಿತು.

"ಅದೇ ತೊಂದ್ರೆ ನೋಡಿ ಅಮ್ಮಾ," ಎಂದರು ಸಾಹೇಬರು. "ಗೋದಾಮು ನೆಲಮಾಳಿಗೇಲಿ ಅಲ್ವಾ, ಒಂಚೂರೂ ಸಿಗಲ್ಲ. ನೀವು ಬೇಡ ಅಂದ್ರೆ ಸಂಕೋಚ ಇಲ್ದೆ ಹೇಳಿಬಿಡಿ."

"ಎಸ್ ಸಾರ್," ಎಂದಳು.

ಸಾಹೇಬರು ಒಮ್ಮೆ ನನ್ನ ಮುಖ ನೋಡಿ, ಫೋನಿನ ಕಡೆಗೆ ಬಾಗಿದರು. "ಅಮ್ಮಾ, ಇದು ಯಾವ ಎಸ್ಸು?"

"ಕಳಿಸಿಕೊಡಿ ಸಾರ್. ವೈ, ಈ, ಎಸ್."