ತವರಿನ ಹೆಪ್ಪು

ತಲೆಗೆ ಎಣ್ಣೆ ಹಚ್ಚಿಕೊಂಡವರಿದ್ದಾರೆ, ಮೆಂತ್ಯ ಅರೆದು ಹಚ್ಚಿಕೊಂಡವರಿದ್ದಾರೆ. ಬೀಗಿತ್ತಿಯ ಎದುರಿಗೇ ಒಂದು ಪಾತ್ರೆ ಮೊಸರನ್ನು ತಲೆಯ ಮೇಲೆ ಸುರಿದುಕೊಂಡವಳು ಇಡೀ ನ್ಯಾಮತಿಯಲ್ಲಿ ನಾನೊಬ್ಬಳೇ ಇರಬೇಕು.

ನನ್ನ ಮೊಸರಿನ ಹೆಪ್ಪು ಸಾಮಾನ್ಯದ್ದಲ್ಲ. ಮದುವೆಯಾದಾಗ ಬಸವಾಪಟ್ಟಣದ ತವರಿನಿಂದ ಅವ್ವ ಲೋಟದಲ್ಲಿ ಕೊಟ್ಟದ್ದು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು. ಅವ್ವ ಹೋದಳು, ಹೆಪ್ಪು ಉಳಿಯಿತು. ದಿನಾ ಒಂದು ಚಮಚ ಉಳಿಸಿ ಮರುದಿನದ ಹಾಲಿಗೆ ಹಾಕುತ್ತ ಬಂದಿದ್ದೆ. ಬಂದವರ ಮುಂದೆ ಮೊಸರಿನ ಪಾತ್ರೆಯನ್ನು ಬೋರಲು ಹಿಡಿದು ತೋರಿಸುವುದು ನನ್ನ ಪದ್ಧತಿ. ಒಂದು ಹನಿ ಬೀಳುತ್ತಿರಲಿಲ್ಲ. (ನಮ್ಮ ಮನೆಯವರು ಮಾತ್ರ ಸ್ವಲ್ಪ ಹಿಂದೆ ಸರಿದೇ ನಿಲ್ಲುತ್ತಿದ್ದರು.)

ಎದುರುಮನೆಯ ಸುನಿತಾ ಒಮ್ಮೆ ಸಂಜೆ ಬಟ್ಟಲು ಹಿಡಿದು ಬಂದಳು. "ಅಕ್ಕಾ, ಒಂಚೂರು ಹೆಪ್ಪು ಕೊಡ್ರಿ."

"ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಾಕೆ ಬರಲ್ಲ ಕಣವ್ವ."

ಪಾಪ, ಬೆಳಿಗ್ಗೆ ಮತ್ತೆ ಬಂದಳು. "ನಿಮ್ಮ ಪ್ಯಾಕೆಟ್ ಹಾಲಿಗೆ ನಮ್ಮವ್ವನ ಹೆಪ್ಪು ಒಗ್ಗಲ್ಲ" ಎಂದು ಕಳಿಸಿದೆ. ಅಂಥಾ ಮಹಾರಾಣಿ ನಾನು!

ಕಳೆದ ಭಾನುವಾರ ಮಗಳು ರಕ್ಷಾಳ ಅತ್ತೆ ಅಂತರಘಟ್ಟಮ್ಮ ಸವಳಂಗದಿಂದ ಬಂದರು, ಒಂದು ದಿನ ಉಳಿದು ಹೋಗಲೆಂದು. ಬೀಗಿತ್ತಿಗೆ ಬರೀ ಬೋರಲು ಹಿಡಿದು ತೋರಿಸಿದರೆ ಸಾಲದೆನ್ನಿಸಿತು. ದೊಡ್ಡ ಪಾತ್ರೆಯನ್ನೇ ಎತ್ತಿ ನನ್ನ ತಲೆಯ ಮೇಲೆ ಬೋರಲು ಮಾಡಹೊರಟೆ.

"ಬ್ಯಾಡ ಕಣೇ, ಇವತ್ತು ಸರಿಯಾಗಿ ಗಟ್ಟಿಯಾದಂಗಿಲ್ಲ" ಎಂದರು ನಮ್ಮವರು.

"ನಮ್ಮವ್ವನ ಹೆಪ್ಪು ಯಾವತ್ತಾದ್ರೂ ಕೈ ಬಿಟ್ಟೈತೇನ್ರೀ?" ಎಂದು ಬೋರಲು ಮಾಡಿದೆ. ಬಿಟ್ಟಿತು.

ಬಚ್ಚಲಲ್ಲಿ ತಲೆಯನ್ನೂ ಪಾತ್ರೆಯನ್ನೂ ತೊಳೆದು ಮುಗಿದ ಮೇಲೆ ಹೊಳೆಯಿತು: ಒಂದು ಚಮಚವನ್ನೂ ಎತ್ತಿಟ್ಟಿರಲಿಲ್ಲ. ಅವ್ವನ ಹೆಪ್ಪೆಲ್ಲ ನೀರಿನ ಜೊತೆ ಹೋಗಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ. ಜಂಬ ಮಾತ್ರ ತೊಳೆದುಹೋಗಿರಲಿಲ್ಲ. ಹೊರಗೆ ಬಂದವಳೇ ಬೀಗಿತ್ತಿಗೆ "ಹೆಪ್ಪು ಎತ್ತಿಟ್ಟೀನ್ರಿ, ನಾಳೆ ನೋಡ್ರಿ ನಮ್ಮ ಮೊಸರು" ಎಂದುಬಿಟ್ಟೆ.

ಸಂಜೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸುನಿತಾಳ ಮನೆಗೆ ಹೋದೆ. "ದೀಪ ಹಚ್ಚೀನಲ್ಲಕ್ಕಾ. ಕೊಡಾಕೆ ಬರಲ್ಲ ಅಂತ ನೀವೇ ಹೇಳಿದ್ರಿ" ಎಂದಳು, ಬಹಳ ವಿನಯದಿಂದ. ಕೊನೆಗೆ ನಮ್ಮವರು ಅಂಗಡಿಯಿಂದ ಪ್ಯಾಕೆಟ್ ಮೊಸರು ತಂದರು. ಅದನ್ನೇ ಹಾಲಿಗೆ ಹೆಪ್ಪು ಹಾಕಿದೆ.

ಮರುದಿನ ಊಟಕ್ಕೆ ಕೂತ ಅಂತರಘಟ್ಟಮ್ಮ ಮೊಸರನ್ನ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಏನ್ ರುಚಿ ಬೀಗ್ರೇ! ನಿಮ್ಮವ್ವನ ಕೈಗುಣ ಇನ್ನೂ ಇದ್ರಾಗೈತೆ ನೋಡ್ರಿ. ನಂಗೂ ಒಂದು ಲೋಟ ಹೆಪ್ಪು ಕೊಡ್ರಿ."

ಕೊಟ್ಟೆ. ಇನ್ನೇನು ಹೇಳಲಿ? ಅವರು ಲೋಟವನ್ನು ಕಣ್ಣಿಗೊತ್ತಿಕೊಂಡು ಬಸ್ಸು ಹತ್ತಿದರು.

ಮನೆಗೆ ಬಂದು ಉಳಿದ ಮೊಸರನ್ನು ಬೆರಳಿಗೆ ತೆಗೆದುಕೊಂಡು ನಾನೂ ನೆಕ್ಕಿ ನೋಡಿದೆ. ಅದೇ ರುಚಿ. ಒಂದಿಷ್ಟೂ ವ್ಯತ್ಯಾಸವಿಲ್ಲ. ಹಾಗಾದರೆ ಇಷ್ಟು ವರ್ಷ ನಾನು ಮೆರೆದದ್ದಾದರೂ ಯಾತಕ್ಕೆ? ಅಡುಗೆಮನೆಯ ಬಾಗಿಲ ಹಿಂದೆ ಕೂತು ಬಿಕ್ಕಿದೆ.

ನಮ್ಮವರು ಬಂದು ಪಕ್ಕದಲ್ಲಿ ಕೂತರು. "ಅಳಬ್ಯಾಡ. ನಾಳೆಗೆ ಒಂದು ಚಮಚ ಎತ್ತಿಡು."

ಎತ್ತಿಟ್ಟೆ.